24 ಹೋಲಿನ ಮೌತ್ ಆರ್ಗನ್ ಕುತ್ತಿಗೆಗೆ, ಎರಡೂ ಕೈ ಗಿಟಾರಿಗೆ: ನನ್ನ ಅನುಭವ

ದಾವಣಗೆರೆ ಆರ್ಕೆಸ್ಟ್ರಾದವರಲ್ಲಿ ಒಂದು ಮಾತು ಬಹಳ ದಿನದಿಂದ ಇತ್ತು. ಮೌತ್ ಆರ್ಗನ್ನನ್ನು ಬಾಯಿ ಮುಂದೆ ಹಿಡಿದು ನಿಲ್ಲಿಸುವ ಕುತ್ತಿಗೆ ಹೋಲ್ಡರ್ ಏನಿದ್ದರೂ 10 ಹೋಲಿನ (ಕಿಂಡಿಯ) ಸಣ್ಣ ಹಾರ್ಮೋನಿಕಾಗೆ, ನಮ್ಮ 24 ಹೋಲಿನ ಟ್ರೆಮೊಲೊಗೆ, ಅಂದರೆ ನಡುಗುವ ದನಿಯ ಉದ್ದ ಮೌತ್ ಆರ್ಗನ್ನಿಗೆ, ಅದು ಆಗಲ್ಲ ಅಂತ. ಉದ್ದ ಜಾಸ್ತಿ, ಭಾರ ಜಾಸ್ತಿ, ಕತ್ತು ತಿರುಗಿಸಿದರೆ ಬಾಯಿಂದ ತಪ್ಪುತ್ತೆ. ನಮ್ಮ ಕೀಬೋರ್ಡ್ ಅಣ್ಣ ಅಂತೂ ಮೊದಲ ಸಲ ನೋಡಿದಾಗ "ಏನಪ್ಪಾ ಇದು, ಎತ್ತಿನ ಕೊರಳಿಗೆ ನೊಗ ಕಟ್ಟಿದಂಗೆ ಕಟ್ಕೊಂಡು ಬಂದೀಯಲ್ಲ" ಅಂದಿದ್ದ. ಕಳೆದ ಗಣೇಶ ಹಬ್ಬದಲ್ಲಿ ಎರಡೂವರೆ ಗಂಟೆ ಪ್ರೋಗ್ರಾಂ ಪೂರ್ತಿ ಗಿಟಾರ್ ಜೊತೆ ಅದನ್ನೇ ನುಡಿಸಿದೆ. ಈಗ ಅದೇ ಅಣ್ಣ "ಎಲ್ಲಿ ತಗೊಂಡೆ" ಅಂತ ಕೇಳ್ತಾನೆ. ತಗೊಂಡಿದ್ದಲ್ಲ, ಮಾಡಿಸಿದ್ದು.

10 ಹೋಲಿಂದೇ ಹಾಕಿಕೊಂಡರೆ ಮುಗೀತಲ್ವಾ ಅನ್ನುವವರಿಗೆ ಒಂದೇ ಮಾತು. ಅದರ ಕೆಳಗಿನ ಸಪ್ತಕದಲ್ಲಿ ಮ ಮತ್ತು ದ ನೇರವಾಗಿ ಸಿಗಲ್ಲ, ಬೆಂಡ್ ಮಾಡಿ, ಅಂದರೆ ಉಸಿರಿನ ಹದ ಬದಲಿಸಿ ಸ್ವರ ಇಳಿಸಿ, ತೆಗೀಬೇಕು. ಅಮೆರಿಕದ ಜಿಮ್ಮಿ ರೀಡ್, ಬಾಬ್ ಡಿಲನ್ ತರದ ಗಾಯಕರ ಸಂಗೀತಕ್ಕೆ ಅದು ಸರಿ. ನಮ್ಮ ಹಳೇ ಸಿನಿಮಾ ಹಾಡಿಗೆ ಜನ ಕೇಳೋದು ಆ ನಡುಗುವ ದನಿ. ಅದು ಬರಬೇಕಂದರೆ ಟ್ರೆಮೊಲೊನೇ ಬೇಕು.

ಮೊದಲು ಆನ್‌ಲೈನ್‌ನಲ್ಲಿ ತಂತಿಯ ಹೋಲ್ಡರ್ ತರಿಸಿದೆ. ಸುಮಾರು 450 ರೂಪಾಯಿ. ಸ್ಪ್ರಿಂಗ್ ಹಿಡಿತ ನಡುವಿನ ನಾಲ್ಕು ಇಂಚಿಗಷ್ಟೇ ಕೂರುತ್ತಿತ್ತು. ನನ್ನ ಮೌತ್ ಆರ್ಗನ್ ಏಳು ಇಂಚಿನ ಹತ್ತಿರ. ಎರಡೂ ಕಡೆ ಹೊರಗೆ ಚಾಚಿ ತಕ್ಕಡಿ ಆಡುತ್ತಿತ್ತು. ಪಲ್ಲವಿಯಲ್ಲಿ ಬಾಯಿಗೆ ಸರಿಯಾಗಿ ಕೂತಿದ್ದರೂ, ಕೈಯಲ್ಲೇ ತಿರುಗಿಸುವ ವಿಂಗ್ ನಟ್ ಎರಡನೇ ಚರಣಕ್ಕೆ ಸಡಿಲಾಗಿ, ಸಾಮಾನು ಗದ್ದಕ್ಕೆ ಇಳಿದಿರುತ್ತಿತ್ತು.

ಇಲ್ಲಿ ಒಂದು ವಿಷಯ ಬಹಳ ಜನ ಗಮನಿಸಿಲ್ಲ. 10 ಹೋಲಿನದು ಸ್ವಲ್ಪ ಜಾರಿದರೂ ಸ್ವರ ಬರುತ್ತೆ. ಟ್ರೆಮೊಲೊದಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಒಟ್ಟಿಗೆ ಊದಬೇಕು. ಎರಡು ರೀಡಿಗೂ (ಉಸಿರಿಗೆ ಕಂಪಿಸುವ ಲೋಹದ ಎಳೆ) ಒಂದು ಕೂದಲಷ್ಟು ಶ್ರುತಿ ವ್ಯತ್ಯಾಸ ಇಟ್ಟಿರುವುದರಿಂದಲೇ ಆ ನಡುಕ. ಹೋಲ್ಡರ್ ಅರ್ಧ ಬೆರಳು ಬಾಗಿತೋ, ತುಟಿ ಒಂದೇ ಸಾಲಿನ ಮೇಲೆ ಕೂರುತ್ತೆ, ನಡುಕ ಹೋಗಿ ಒಂಟಿ ಪೀಪಿ ಸದ್ದು ಬರುತ್ತೆ. ಸ್ವರ ಸರಿಯಾಗೇ ಇರುತ್ತೆ, ಆದರೆ ಕೇಳುವವನಿಗೆ ಏನೋ ಕಡಿಮೆ ಅನಿಸುತ್ತೆ. ಹಾಗಾಗಿ ನನಗೆ ಬೇಕಾಗಿದ್ದುದು ಗಟ್ಟಿ ಹಿಡಿಯುವ ಹೋಲ್ಡರ್ ಅಲ್ಲ. ಕೋನ ಬದಲಾಗದ ಹೋಲ್ಡರ್.

ಮ್ಯಾಗ್ನೆಟ್ ಹೋಲ್ಡರುಗಳೂ ಇವೆ, ಜರ್ಮನಿಯ ಸೈಡೆಲ್ ಕಂಪನಿಯ ಗೆಕೊ ತರದವು. ದುಡ್ಡು ಹಾಕುವ ಮೊದಲು ಕೆಟ್ಟ ಸ್ಪೀಕರ್ ಬಿಚ್ಚಿ ಅದರ ಮ್ಯಾಗ್ನೆಟ್ಟನ್ನು ನನ್ನ ಮೌತ್ ಆರ್ಗನ್ ಕವರಿಗೆ ಇಟ್ಟು ನೋಡಿದೆ. ಅಂಟಲೇ ಇಲ್ಲ. ಒಳಗಿನ ರೀಡ್ ಪ್ಲೇಟ್ ಹಿತ್ತಾಳೆ, ಅದಕ್ಕಂತೂ ಅಂಟುವ ಮಾತೇ ಇಲ್ಲ. ಒಂದಷ್ಟು ಸಾವಿರ ಉಳೀತು. ನೀವೂ ತರಿಸುವ ಮೊದಲು ಹೀಗೇ ನೋಡಿಕೊಳ್ಳಿ, ಕವರ್ ಎಂಥದ್ದು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಆಮೇಲೆ ಶುರುವಾಯಿತು ನನ್ನ ಗುಜರಿ ಪ್ರಯಾಣ. ಸ್ಟಡಿ ಲ್ಯಾಂಪಿನ ಬಾಗುವ ಕೊಳವೆ ತಂದು ಕೂರಿಸಿದೆ. ಕೋನ ನಿಲ್ಲುತ್ತೆ, ಆದರೆ ಗಿಟಾರ್ ಸ್ಟ್ರಮ್ ಮಾಡಿದ ಕೂಡಲೇ ಮೌತ್ ಆರ್ಗನ್ ಮೇಲೆ ಕೆಳಗೆ ಕುಣಿಯುತ್ತೆ. ಹಲ್ಲಿಗೆ ಬಡಿದು ಎರಡು ದಿನ ನೋವು. ಬೈಕಿನ ಹಳೇ ಮಿರರ್ ಕಡ್ಡಿಯ ಬಾಲ್ ಜಾಯಿಂಟ್ ಹಾಕಿದೆ. ಅದು ಒಳ್ಳೇ ಐಡಿಯಾನೇ, ಜಾರುವುದೇ ಇಲ್ಲ. ಆದರೆ ಅರ್ಧ ಗಂಟೆಗೆ ಕತ್ತಿನ ಹಿಂದೆ ಉರಿ. ಮೈಕ್ ಸ್ಟ್ಯಾಂಡಿಗೇ ಕ್ಲ್ಯಾಂಪ್ ಹಾಕಿ ಮೌತ್ ಆರ್ಗನ್ ಕಟ್ಟಿದ್ದೂ ಉಂಟು. ಕೂತು ನುಡಿಸುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ, 100 ರೂಪಾಯಿ ಒಳಗೆ ಮುಗಿಯುತ್ತೆ, ಕತ್ತಿಗೆ ಭಾರವೂ ಇಲ್ಲ. ನಾನು ನಿಂತು, ಸ್ವಲ್ಪ ಓಡಾಡಿ ನುಡಿಸುವವನು, ನನಗೆ ಒಗ್ಗಲಿಲ್ಲ.

ಕೊನೆಗೆ ನಿಂತಿದ್ದು 5 ಎಂಎಂ ಸ್ಟೀಲ್ ಕಂಬಿಯ ಮೇಲೆ. ಮೊದಲು ಮಾಮೂಲಿ ಕಬ್ಬಿಣದ 6 ಎಂಎಂ ತಂದಿದ್ದೆ, ಭಾರವೂ ಹೌದು, ಬೆವರಿಗೆ ತುಕ್ಕೂ ಹೌದು. ಸ್ಟೀಲ್ ಆದರೆ ತೆಳ್ಳಗಿದ್ದರೂ ಬಾಗಿದ ಆಕಾರ ಬಿಡಲ್ಲ. ಪಿ.ಬಿ. ರಸ್ತೆ ಕಡೆ ಗೇಟು, ಗ್ರಿಲ್ ಮಾಡುವ ಒಬ್ಬರ ಹತ್ತಿರ ಹೋದೆ. "ಸಾರ್, ಇಷ್ಟು ಸಣ್ಣ ಕೆಲಸಕ್ಕೆ ಆರ್ಗಾನ್ ವೆಲ್ಡಿಂಗ್ ಮಷೀನ್ ಆನ್ ಮಾಡಲ್ಲ" ಅಂದರು. ಬೇರೆ ಗೇಟಿನ ಕೆಲಸ ನಡೆಯುವಾಗ ಕಾದು ಕೂತು, ನಡುವೆ ನಾಲ್ಕು ವೆಲ್ಡಿಂಗ್ ಟಾಕಿ ಹಾಕಿಸಿಕೊಂಡೆ. 250 ರೂಪಾಯಿ ತಗೊಂಡರು, ಟೀ ನಂದೇ.

ಆಕಾರದಲ್ಲಿ ಮೂರು ವಿಷಯ ಬದಲಾಯಿಸಿದೆ. ಮೊದಲನೇದು ಭಾರ. ಅಂಗಡಿಯ ಹೋಲ್ಡರ್ ಎಲ್ಲ ಭಾರವನ್ನೂ ಹೆಗಲಿಗೇ ಹಾಕುತ್ತೆ, ಅದಕ್ಕೇ ಮೂತಿ ಮುಂದಕ್ಕೆ ಬೀಳೋದು. ನಾನು ಮುಂದಿನಿಂದ ಎರಡು ಕಾಲು ಕೆಳಗಿಳಿಸಿ, ಎದೆಯ ಮೂಳೆ ಮೇಲೆ ಕೂರುವ ಒಂದು ಅಗಲ ಪಟ್ಟಿ ಕೊಟ್ಟೆ. ಹಳೇ ಚಪ್ಪಲಿಯ ಸೋಲ್ ಕತ್ತರಿಸಿ ಅದರ ಹಿಂದೆ ಅಂಟಿಸಿದೆ. ಈ ಒಂದರಿಂದಲೇ ಅರ್ಧ ಕುಣಿತ ನಿಂತಿತು.

ಎರಡನೇದು ಜಾಯಿಂಟ್. ವಿಂಗ್ ನಟ್ ಮಾತ್ರ ನಂಬಬೇಡಿ. ಹಲ್ಲಿರುವ ವಾಷರ್ ಎರಡನ್ನು ಹಲ್ಲಿಗೆ ಹಲ್ಲು ಕೂರುವಂತೆ ಎದುರುಬದುರು ಹಾಕಿ, ಹೊರಗೆ ಸ್ಪ್ರಿಂಗ್ ವಾಷರ್ ಕೊಟ್ಟೆ. ವಾಷರಿನ ಹಲ್ಲುಗಳ ನಡುವೆ ನಾನು ಇನ್ನೂ ಒಂದು ಸಾಮಾನು ಇಡುತ್ತೇನೆ, ಅದೇನು ಅಂತ ಇಲ್ಲಿ ಬರೆಯಲ್ಲ. ಸ್ಟೇಜ್ ಮೇಲೆ ಅದು ನನಗೆ ಅನ್ನ ಕೊಡುತ್ತಿದೆ.

ಮೂರನೇದೇ ಅಸಲಿ ವಿಷಯ. ಟ್ರೆಮೊಲೊದಲ್ಲಿ ಒಂದೊಂದು ಕಿಂಡಿಗೆ ಒಂದೇ ಸ್ವರ, ಊದುವ ಕಿಂಡಿ ಬೇರೆ, ಉಸಿರು ಎಳೆಯುವ ಕಿಂಡಿ ಬೇರೆ. ಹಾಗಾಗಿ ಒಂದು ಸಪ್ತಕ ದಾಟಲು ಬಾಯಿ ಸುಮಾರು ಎರಡು ಇಂಚು ಹೋಗಬೇಕು. 10 ಹೋಲಿನದರಲ್ಲಿ ಅದು ಒಂದು ಚಿಲ್ಲರೆ ಇಂಚು. ಕೈಯಲ್ಲಿ ಹಿಡಿದಾಗ ನಾವು ಮೌತ್ ಆರ್ಗನ್ನನ್ನೇ ಅತ್ತಿತ್ತ ಸರಿಸುತ್ತೇವೆ, ಹೋಲ್ಡರಿನಲ್ಲಿ ತಲೆ ತಿರುಗಿಸಬೇಕು. ತಲೆ ತಿರುಗಿದರೆ ಬಾಯಿ ಗೆರೆ ಹಿಡಿದು ಹೋಗಲ್ಲ, ವೃತ್ತದ ಮೇಲೆ ಹಿಂದಕ್ಕೆ ಸರಿಯುತ್ತೆ. ಮೌತ್ ಆರ್ಗನ್ ಮಾತ್ರ ನೆಟ್ಟಗೆ ನಿಂತಿರುತ್ತೆ. ತುದಿ ಸ್ವರಗಳಿಗೆ ಹೋದಾಗ ಅರ್ಧ ಇಂಚು ಗ್ಯಾಪ್. "ಆಗಲ್ಲ" ಅಂದವರೆಲ್ಲ ಎಡವಿದ್ದು ಇಲ್ಲೇ.

ನಾನು ಮಾಡಿದ್ದು ಇಷ್ಟು. ಮೌತ್ ಆರ್ಗನ್ ಕೂರುವ ತೊಟ್ಟಿಲನ್ನು ನಡುವೆ ಒಂದು ನೆಟ್ಟಗಿನ ಪಿನ್ ಮೇಲೆ ಕೂರಿಸಿದೆ. ಎಡಕ್ಕೂ ಬಲಕ್ಕೂ ಅಂದಾಜು ಹದಿನೈದು ಡಿಗ್ರಿ ತಿರುಗುತ್ತೆ, ಅದಕ್ಕಿಂತ ಜಾಸ್ತಿ ಹೋಗದಂತೆ ತಡೆ ಇದೆ. ಬಲಕ್ಕೆ ತಿರುಗಿದರೆ ಬಲ ತುದಿ ತಾನೇ ಮುಖದ ಕಡೆ ಬರುತ್ತೆ, ತುಟಿಯೇ ಅದನ್ನು ಎಳೆದುಕೊಳ್ಳುತ್ತೆ. ಪಿನ್ ಬಹಳ ಸಡಿಲಿದ್ದರೆ ತೂಗಾಡುತ್ತೆ, ಬಹಳ ಬಿಗಿ ಇದ್ದರೆ ತುಟಿ ಸುಲಿಯುತ್ತೆ. ನಡುವಿನ ಹದ ನೀವೇ ಹುಡುಕಿಕೊಳ್ಳಿ, ನನಗೆ ಒಂದು ಮಳೆಗಾಲ ಪೂರ್ತಿ ಹಿಡೀತು.

ತೊಟ್ಟಿಲು ಅಂದರೆ ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಉಳಿದ ಚಾನಲ್ ತುಂಡು. ಅದು ಪುಕ್ಕಟೆ. ಒಳಗೆ ತೆಳು ಫೋಮ್, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಗಾಯಕಿ ಸಿ ಶಾರ್ಪ್ ಶ್ರುತಿ ಕೇಳಿದರೆ ಪಟ್ಟಿ ಸರಿಸಿ ಬೇರೆ ಮೌತ್ ಆರ್ಗನ್ ಹಾಕಲು ಎರಡು ಕ್ಷಣ ಸಾಕು. ಗಿಟಾರಿನಲ್ಲಿ ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಒಂದು ಮನೆ ಮೇಲಕ್ಕೆ. ನಾನು ಸಿ ಸ್ಕೇಲಿಗೆ ಐದನೇ ಮನೆಯಲ್ಲಿ ಕ್ಯಾಪೊ ಹಾಕಿ ಜಿ ಶೇಪ್ ಹಿಡಿಯುತ್ತೇನೆ, ಕೀಬೋರ್ಡ್ ಜೊತೆ ದನಿ ಬೇರೆಯಾಗಿ ಕೇಳುತ್ತೆ. ನಮ್ಮೂರ ಬೇಸಿಗೆಗೆ ಟ್ಯೂಬ್ ಬೇಗ ಬಿರಿಯುತ್ತೆ, ಬ್ಯಾಗಿನಲ್ಲಿ ಹೆಚ್ಚಿಗೆ ಪಟ್ಟಿ ಇರಲಿ.

ಮೀಸೆ ಇರುವವರಿಗೆ ಒಂದು ಮಾತು. ಕೈಯಲ್ಲಿದ್ದಾಗ ಗೊತ್ತಾಗಲ್ಲ, ಹೋಲ್ಡರಿನಲ್ಲಿ ತಲೆ ಎಳೆದಾಗ ಕವರಿನ ಸಂದಿಯಲ್ಲಿ ಮೀಸೆ ಕೂದಲು ಸಿಕ್ಕರೆ ಕಣ್ಣಲ್ಲಿ ನೀರು ಬರುತ್ತೆ. ತುಟಿ ಮೇಲೆ ಸ್ವಲ್ಪ ಕತ್ತರಿಸಿಬಿಡಿ.

ಸದ್ದಿನ ವಿಷಯಕ್ಕೆ ಬಂದರೆ, ಮೌತ್ ಆರ್ಗನ್ನಿಗೆ ಕೈ ಮುಚ್ಚಿ ತೆರೆದು ದನಿ ಬದಲಿಸುವ ಆಟ ಇಲ್ಲಿ ಇಲ್ಲ, ಅದು ನಷ್ಟವೇ. ಕಾಲರ್ ಮೈಕನ್ನು ಹೋಲ್ಡರಿಗೇ ಸಿಕ್ಕಿಸಿ ನೋಡಿದೆ. ಕಂಬಿಯ ಕಟಕಟ ಎಲ್ಲ ಸ್ಪೀಕರಿನಲ್ಲಿ ಬಂತು, ಸ್ಟೇಜಿನ ಮಾನಿಟರ್ ಸ್ಪೀಕರ್ ಹತ್ತಿರ ಹೋದರೆ ಕೂಗು. ಈಗ ಹಾಡುವ ಮೈಕನ್ನೇ ಎದುರಿಗೆ ನಾಲ್ಕು ಬೆರಳು ದೂರ ಇಟ್ಟು, ಮಿಕ್ಸರಿನಲ್ಲಿ ಸ್ವಲ್ಪ ರಿವರ್ಬ್ (ಪ್ರತಿಧ್ವನಿ) ಹಾಕಿಸುತ್ತೇನೆ. ಗುಂಡಿ ಒತ್ತುವ ಕ್ರೊಮ್ಯಾಟಿಕ್ ಮೌತ್ ಆರ್ಗನ್ ಇಟ್ಟುಕೊಂಡಿರುವವರು ಈ ದಾರಿಗೆ ಬರಬೇಡಿ, ಒತ್ತಲು ಕೈ ಎಲ್ಲಿಂದ ತರುತ್ತೀರಿ?

ದುಡ್ಡಿನ ಲೆಕ್ಕ: ಈಗಿನ ಹೋಲ್ಡರಿಗೆ ಬಿದ್ದಿದ್ದು 900 ರೂಪಾಯಿ ಆಸುಪಾಸು. ಹಾಳಾದ ಪ್ರಯೋಗ ಎಲ್ಲ ಸೇರಿಸಿದರೆ 3,500 ದಾಟಿರಬಹುದು, ಮನೆಯಲ್ಲಿ ಹೇಳಿದ್ದು ಅರ್ಧ. ಬರೀ ಗಿಟಾರಿಗೆ ಒಂದು ಪ್ರೋಗ್ರಾಂಗೆ 1,500 ಕೊಡುತ್ತಿದ್ದರು. ಈಗ 2,200 ಕೇಳುತ್ತೇನೆ, ಕೊಡುತ್ತಾರೆ. ಕಮಿಟಿಯವರಿಗೆ ಒಬ್ಬ ಆಳು ಉಳಿಯಿತಲ್ಲ.

ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಹುಡುಗನಾಗಿದ್ದಾಗಲೇ ಬಟ್ಟೆ ಹ್ಯಾಂಗರಿನ ತಂತಿ ಬಗ್ಗಿಸಿ ಹೋಲ್ಡರ್ ಮಾಡಿಕೊಂಡಿದ್ದನಂತೆ. ಎರಡು ಮುಖದ ಮೌತ್ ಆರ್ಗನ್ನನ್ನು ಗದ್ದದಿಂದ ತಳ್ಳಿ ಮಗುಚಬಹುದಿತ್ತಂತೆ. ಅದನ್ನು ಓದಿದ ಮೇಲೆ ನನಗೂ ಹುಳ ಬಿಟ್ಟಂತಾಗಿದೆ. ಟ್ರೆಮೊಲೊ ನುಡಿಸುವವರು ಸಿ ಮತ್ತು ಸಿ ಶಾರ್ಪ್ ಎರಡನ್ನೂ ಒಂದರ ಮೇಲೊಂದು ಹಿಡಿದು ಕೋಮಲ, ತೀವ್ರ ಸ್ವರ ತೆಗೆಯುತ್ತಾರಲ್ಲ, ಅದನ್ನೇ ಹೋಲ್ಡರಿನಲ್ಲಿ ಮಾಡುತ್ತಿದ್ದೇನೆ. ಎರಡು ತೊಟ್ಟಿಲು, ಗದ್ದ ಒತ್ತಿದರೆ ಮೇಲಿನದು ಕೆಳಗಿಳಿಯಬೇಕು. ಇಳಿಯುತ್ತೆ, ವಾಪಸ್ ಮೇಲೆ ಹೋಗುವಾಗ ಸಿಕ್ಕಿಕೊಳ್ಳುತ್ತೆ. ಬಾಲ್ ಪೆನ್ನಿನ ಸ್ಪ್ರಿಂಗ್ ಸಾಲದು, ಸೈಕಲ್ ಬ್ರೇಕಿನದು ಬಹಳ ಗಟ್ಟಿ. ಇವೆರಡರ ನಡುವಿನ ಗಾತ್ರದ್ದು ಹಳೇ ಟೇಪ್ ರೆಕಾರ್ಡರಿನಲ್ಲಿ ಇರುತ್ತೆ ಅಂತ ರಿಪೇರಿಯವರೊಬ್ಬರು ಹೇಳಿದ್ದಾರೆ, ಭಾನುವಾರ ಗುಜರಿಗೆ ಹೋಗಬೇಕು.