ಕೆರೆ ನೀರಿನ ಬಗ್ಗೆ ಊರವರನ್ನು ಒಟ್ಟಿಗೆ ಕೂರಿಸಿದ್ದು: ನನ್ನ ಅನುಭವ

ನಮ್ಮ ಕೋಲಾರದ ಕಡೆ ಕೆರೆ ನೀರಿನ ಮಾತೆತ್ತಿದರೆ ಊರು ಎರಡು ಪಾಲಾಗುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಇಲ್ಲಿನ ಕೆರೆಗಳಿಗೆ ಬಿಡುತ್ತಾರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಎದ್ದು ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ಮತ್ತೆ ಹರಿಯಿತು. ಬೋರ್‌ವೆಲ್‌ಗೆ ಜೀವ ಬಂತು ಅನ್ನುವವರು ಒಂದು ಕಡೆ, ಮಣ್ಣು ಕೆಡುತ್ತೆ ಅನ್ನುವವರು ಇನ್ನೊಂದು ಕಡೆ. ಇಬ್ಬರನ್ನೂ ಕೂರಿಸಿ ಮಾತಾಡಿಸುವ ಸಭೆಗಳನ್ನು ನಾನು ನಡೆಸುತ್ತೇನೆ.

ಡೈರಿಗೆ ಹಾಲು ಹಾಕುವ ತನಕ ಯಾರೂ ಬರಲ್ಲ. ಹಾಗಾಗಿ ಸಂಜೆ ಏಳೂವರೆ. ಟೊಮೆಟೊ ಕೊಯ್ಲು ಜೋರಾಗಿದ್ದರೆ ಆ ವಾರ ಸಭೆ ಬೇಡವೇ ಬೇಡ. ರೇಷ್ಮೆ ಹುಳು ಹಣ್ಣಾಗುವ ಹೊತ್ತಿನಲ್ಲೂ ಅಷ್ಟೇ. ದೇವಸ್ಥಾನದ ಜಗಲಿಯಲ್ಲಿ ಮಾಡಿದರೆ ಕೆಲವರು ಹೊರಗೇ ನಿಲ್ಲುತ್ತಾರೆ. ಯಾರು ಅಂತ ಹೇಳಬೇಕಿಲ್ಲ, ಅಲ್ವಾ? ಅದಕ್ಕೇ ಸರ್ಕಾರಿ ಶಾಲೆ. ಬೋರ್ಡೂ ಸಿಗುತ್ತದೆ.

ಹೆಂಗಸರು ದೊಡ್ಡ ಸಭೆಯಲ್ಲಿ ಬಾಯಿ ಬಿಡುವುದು ಕಮ್ಮಿ. ಸ್ತ್ರೀಶಕ್ತಿ ಸಂಘದ ಸಭೆಗೆ ಮೊದಲೇ ಹೋಗಿ ಕೂರುತ್ತೇನೆ. "ಹಸು ಆ ನೀರು ಕುಡಿದ್ರೆ ಹಾಲಿಗೇನಾಗುತ್ತೆ?" ಎಂದು ಮೊದಲು ಕೇಳಿದ್ದು ಅವರೇ.

ಪರಿಸರ ಎಂಬ ಮಾತಿನಿಂದ ಶುರು ಮಾಡಲ್ಲ. "ನಿಮ್ಮ ಬೋರ್ ಎಷ್ಟು ಅಡಿ? ಕೊರೆಸೋಕೆ ಸಾಲ ಎಷ್ಟಾಯ್ತು? ಈಗ ನೀರು ಬರ್ತಿದ್ಯಾ?" ಉತ್ತರಗಳನ್ನು ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆಯುತ್ತೇನೆ. 1,200 ಅಡಿ, 1,400 ಅಡಿ ಅಂತ ಪಟ್ಟಿ ಬೆಳೆದಂತೆ ಗದ್ದಲ ಇಳಿಯುತ್ತದೆ. ಒಮ್ಮೆ ಒಬ್ಬ ಹುಡುಗ, "ನೊರೆ ಬಂದ್ರೂ ಬರ್ಲಿ, ನೀರು ಬಂದ್ರೆ ಸಾಕು" ಅಂದ. ಹಿಂದೆ ಕೂತಿದ್ದ ಅಜ್ಜ, "ಅದ್ರಲ್ಲಿ ಬೆಳೆದ ಸೊಪ್ಪು ನಿನ್ನ ಮಗೂಗೂ ಹಾಕ್ತೀಯೇನಪ್ಪಾ?" ಅಂದರು. ನೀರು ಬೇಕಾ ಬೇಡವಾ ಎಂಬ ಜಗಳ ಅಲ್ಲಿಗೆ ಬಿಟ್ಟುಹೋಯಿತು. ಎಂಥಾ ನೀರು ಬೇಕು ಎಂಬ ಮಾತು ಶುರುವಾಯಿತು.

ಅಧಿಕಾರಿಗಳನ್ನು ಮೊದಲ ಸಭೆಗೆ ಕರೆಯಲ್ಲ. ಅವರು ಬಂದರೆ ಎಲ್ಲರೂ ಸುಮ್ನೆ ಅರ್ಜಿ ಹಿಡಿದು ನಿಲ್ಲುತ್ತಾರೆ, ಪಕ್ಕದವರ ಜೊತೆ ಮಾತಾಡಲ್ಲ. ಮೈಕೂ ಬೇಡ. ಅದು ಕೈಗೆ ಸಿಕ್ಕವರು ಬಿಡುವುದಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅದಕ್ಕೆ ಎರಡು ವಾರ ಮುಂಚೆ ನಮ್ಮ ಸಭೆ ಇಟ್ಟುಕೊಂಡರೆ ಒಳ್ಳೆಯದು. ನಮ್ಮಲ್ಲಿ ಎರಡು ಬೇಡಿಕೆ ಗಟ್ಟಿಯಾದವು: ಮೂರನೇ ಹಂತದ ಶುದ್ಧೀಕರಣ ಆಗಬೇಕು, ಕೆರೆ ಮತ್ತು ಬೋರ್ ನೀರಿನ ಪರೀಕ್ಷೆಯ ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಎರಡನ್ನೂ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಹತ್ತಿರ ಪ್ರತಿಗೆ ಸೀಲ್ ಹಾಕಿಸಿಕೊಂಡೇ ಎದ್ದೆವು.