ಉಪ್ಪುನೀರಿನ ಟ್ಯಾಂಕ್: ಮೊದಲು ಗೆರೆ ನೋಡಿ, ಆಮೇಲೆ ನೀರು ಬದಲಿಸಿ

ಮನೆಯಲ್ಲಿ ಸಮುದ್ರದ ಮೀನು ಸಾಕುವವರಿಗೆ ಒಂದು ಮಾತು. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದ ನೀರಿಗೆ ಉಪ್ಪುನೀರನ್ನೇ ಸುರಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಶುರುವಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಬೇಸಿಗೆ, ಮೇಲೆ ಫ್ಯಾನ್ ಬೇರೆ. 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ ಉಪ್ಪು ಎಷ್ಟು ಭಾಗ ಎನ್ನುವ ಅಳತೆ) ಇದ್ದದ್ದು ಗೊತ್ತೇ ಆಗದೆ 39ಕ್ಕೆ ಹೋಗಿತ್ತು!

ಈಗ ಗಾಜಿನ ಮೇಲೆ ನೀರು ಪೂರ್ತಿ ಇರುವಾಗಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. (ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಫಿಲ್ಟರ್ ಆಗುವ ಕೆಳಗಿನ ತೊಟ್ಟಿ, ಇದ್ದರೆ ಗೆರೆ ಅದಕ್ಕೆ, ನೀರು ಇಳಿಯುವುದು ಅಲ್ಲೇ ಅಲ್ವಾ.) ನೀರು ಬದಲಿಸುವ ದಿನ ಮೊದಲು ಸಾದಾ ಆರ್‌ಓ ನೀರು (ಫಿಲ್ಟರ್‌ನಲ್ಲಿ ಲವಣ ತೆಗೆದದ್ದು) ಹಾಕಿ ಗೆರೆ ಮುಟ್ಟಿಸುತ್ತೇನೆ. ಅರ್ಧ ಗಂಟೆ ಬಿಟ್ಟು ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡುತ್ತೇನೆ. ಆಮೇಲೆ ಎಷ್ಟು ತೆಗೆದೆನೋ ಅಷ್ಟೇ ಹೊಸ ಉಪ್ಪುನೀರು.

ಆ ಹೊಸ ನೀರನ್ನು ಹಿಂದಿನ ದಿನವೇ ಕಲಸಿಡಿ. 20 ಲೀಟರ್ ಆರ್‌ಓ ನೀರಿಗೆ 700 ಗ್ರಾಂ ಮರೀನ್ ಸಾಲ್ಟ್‌ನಿಂದ (ಸಮುದ್ರದ ಮೀನಿನ ಟ್ಯಾಂಕಿಗೆಂದೇ ಸಿಗುವ ಉಪ್ಪು) ಶುರು ಮಾಡಿ, ಸಾಮಾನ್ಯವಾಗಿ ಇನ್ನೊಂದಿಷ್ಟು ಬೇಕಾಗುತ್ತದೆ. ಅಡುಗೆ ಉಪ್ಪು ಬೇಡವೇ ಬೇಡ. ಚಿಕ್ಕ ಪಂಪ್ ಬಿಟ್ಟು ರಾತ್ರಿಯಿಡೀ ತಿರುಗಲಿ. ಬೆಳಿಗ್ಗೆ ತಳದಲ್ಲಿ ಬಿಳಿ ಪುಡಿ ಕಾಣದೆ ನೀರು ತಿಳಿಯಾಗಿದ್ದರೆ ಅಳೆಯಿರಿ. ಉಪ್ಪೂ ಬಿಸಿಯೂ ಟ್ಯಾಂಕಿಗೆ ಹೊಂದಬೇಕು.

ರಿಫ್ರ್ಯಾಕ್ಟೋಮೀಟರನ್ನು ಸರಿಯಾಗಿ 35 ಪಿಪಿಟಿ ಎಂದು ಗೊತ್ತಿರುವ ದ್ರಾವಣದಲ್ಲೇ ಸರಿಹೊಂದಿಸಿ. ಆರ್‌ಓ ನೀರಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ 35ರ ಹತ್ತಿರವೂ ಸರಿ ಇರುತ್ತದೆ ಅಂತೇನಿಲ್ಲ.

ಉಪ್ಪು ಈಗಾಗಲೇ ಏರಿದ್ದರೆ ಗಾಬರಿಯಿಂದ ಒಂದೇ ಸಲಕ್ಕೆ ಇಳಿಸಬೇಡಿ. ದಿನಕ್ಕೆ ಒಂದು ಪಿಪಿಟಿ ಸಾಕು.