ಇಂಗ್ಲಿಷ್ ವಾಕ್ಯದಲ್ಲಿ ಸಬ್ಜೆಕ್ಟ್ ಬೇಕೆ? ಮೊದಲು ವರ್ಬ್ ಹಿಡಿಯಿರಿ

‘ಸಬ್ಜೆಕ್ಟ್‌ಗೆ ಅಡಿಗೆರೆ ಎಳೆಯಿರಿ’ ಎಂದ ತಕ್ಷಣ ಹೆಚ್ಚಿನ ಮಕ್ಕಳ ಪೆನ್ಸಿಲ್ ವಾಕ್ಯದ ಮೊದಲ ಪದದ ಕೆಳಗೆ ಹೋಗುತ್ತದೆ. ‘ರಾಮ ಈಟ್ಸ್ ಎ ಮ್ಯಾಂಗೋ’ ಥರದ ವಾಕ್ಯಗಳಲ್ಲಿ ಇದು ನಡೆದುಬಿಡುತ್ತದೆ. ವಾಕ್ಯ ತುಸು ಉದ್ದವಾದರೆ ಕೈಕೊಡುತ್ತದೆ. ಇದನ್ನು ಮಕ್ಕಳ ದಡ್ಡತನ ಎನ್ನಬೇಡಿ, ಹುಡುಕುವ ಕ್ರಮವೇ ಹಿಂದುಮುಂದಾಗಿದೆ. ಸಬ್ಜೆಕ್ಟ್ ಸಿಗಬೇಕಾದರೆ ಮೊದಲು ವರ್ಬ್, ಅಂದರೆ ಕ್ರಿಯಾಪದ, ಸಿಗಬೇಕು.

ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಮಾತು ನಡೆದಿದೆಯೋ ಆ ಭಾಗ ಸಬ್ಜೆಕ್ಟ್. ಅದರ ಬಗ್ಗೆ ಹೇಳಿದ್ದೆಲ್ಲ ಪ್ರೆಡಿಕೇಟ್. ವರ್ಬ್ ಇರುವುದು ಪ್ರೆಡಿಕೇಟ್‌ನೊಳಗೆ.

ಮೊದಲ ಹೆಜ್ಜೆ: ಕಾಲ ಬದಲಿಸಿ ನೋಡಿ

‘ದಿ ಓಲ್ಡ್ ಪೋಸ್ಟ್‌ಮ್ಯಾನ್ ವಾಕ್ಸ್ ಟು ದಿ ಟೆಂಪಲ್’ ಎಂಬ ವಾಕ್ಯವನ್ನು ನಿನ್ನೆಯ ಮಾತಾಗಿ ಹೇಳಿ. ‘ವಾಕ್ಸ್’ ಹೋಗಿ ‘ವಾಕ್ಡ್’ ಆಯಿತು, ಉಳಿದ ಪದಗಳು ಕದಲಲಿಲ್ಲ. ಕಾಲಕ್ಕೆ ತಕ್ಕಂತೆ ಬದಲಾದ ಪದವೇ ವರ್ಬ್. ಈ ಪರೀಕ್ಷೆಯನ್ನು ಮಕ್ಕಳಿಗೆ ಬಾಯಲ್ಲೇ ಮಾಡಿಸಬಹುದು, ವ್ಯಾಖ್ಯೆ ಉರು ಹೊಡೆಸುವುದಕ್ಕಿಂತ ಎಷ್ಟೋ ಮೇಲು.

‘ಸ್ವಿಮ್ಮಿಂಗ್ ಇನ್ ದಿ ರಿವರ್ ಈಸ್ ಡೇಂಜರಸ್’ ಎಂಬಲ್ಲಿ ‘ಸ್ವಿಮ್ಮಿಂಗ್’ ಕ್ರಿಯೆಯಂತೆ ಕಾಣುತ್ತದೆ. ಆದರೆ ಕಾಲ ಬದಲಿಸಿದರೆ ‘ಈಸ್’ ‘ವಾಸ್’ ಆಗುತ್ತದೆ, ‘ಸ್ವಿಮ್ಮಿಂಗ್’ ಹಾಗೇ ಉಳಿಯುತ್ತದೆ. ಅಂದಮೇಲೆ ಇಲ್ಲಿ ವರ್ಬ್ ‘ಈಸ್’.

ಎರಡನೇ ಹೆಜ್ಜೆ: ವರ್ಬ್‌ಗೇ ಪ್ರಶ್ನೆ ಕೇಳಿ

ವರ್ಬ್ ಸಿಕ್ಕಿತಲ್ಲ, ಅದರ ಮುಂದೆ ‘ಹೂ’ ಅಥವಾ ‘ವಾಟ್’ ಇಟ್ಟು ಕೇಳಿ. ಹೂ ವಾಕ್ಸ್? ದಿ ಓಲ್ಡ್ ಪೋಸ್ಟ್‌ಮ್ಯಾನ್. ವಾಟ್ ಈಸ್ ಡೇಂಜರಸ್? ಸ್ವಿಮ್ಮಿಂಗ್ ಇನ್ ದಿ ರಿವರ್. ಬಂದ ಉತ್ತರ ಪೂರ್ತಿಯಾಗಿ ಸಬ್ಜೆಕ್ಟ್. ಅದು ಒಂದೇ ಪದ ಆಗಿರಬೇಕೆಂದಿಲ್ಲ.

ಕೆಲಸ ಮಾಡಿದವನೇ ಸಬ್ಜೆಕ್ಟ್ ಎಂದು ಹೇಳಿಕೊಡುವವರಿದ್ದಾರೆ. ದಯವಿಟ್ಟು ಹಾಗೆ ಹೇಳಿಕೊಡಬೇಡಿ. ‘ದಿ ಥೀಫ್ ವಾಸ್ ಕಾಟ್ ಬೈ ದಿ ಪೊಲೀಸ್’ ಎಂಬಲ್ಲಿ ಹಿಡಿದವರು ಪೊಲೀಸರು, ಆದರೆ ‘ಹೂ ವಾಸ್ ಕಾಟ್’ ಎಂದು ಕೇಳಿದರೆ ಬರುವ ಉತ್ತರ ‘ದಿ ಥೀಫ್’. ಸಬ್ಜೆಕ್ಟ್ ಕಳ್ಳನೇ.

ಮೂರನೇ ಹೆಜ್ಜೆ: ಗೆರೆ ಎಲ್ಲಿ ಎಳೆಯಬೇಕು?

ಸಬ್ಜೆಕ್ಟ್ ಮುಗಿದು ಪ್ರೆಡಿಕೇಟ್ ಶುರುವಾಗುವ ಕಡೆ ಗೆರೆ ಬೀಳಬೇಕು. ಹೆಚ್ಚು ತಪ್ಪಾಗುವುದು ಇಲ್ಲೇ. ‘ದಿ ಪ್ರೈಸ್ ಆಫ್ ದೀಸ್ ಟೊಮ್ಯಾಟೋಸ್ ಈಸ್ ಹೈ’ ಎಂಬ ವಾಕ್ಯ ನೋಡಿ. ‘ಈಸ್’ ಪಕ್ಕದಲ್ಲೇ ‘ಟೊಮ್ಯಾಟೋಸ್’ ಕೂತಿದೆ, ಬಹುವಚನ ಬೇರೆ. ಹಾಗಾಗಿ ಓದಿದವರೂ ‘ಆರ್ ಹೈ’ ಎಂದು ಬರೆದುಬಿಡುತ್ತಾರೆ. ಹೆಚ್ಚಾಗಿರುವುದು ಬೆಲೆ, ಟೊಮೆಟೊ ಅಲ್ಲ. ‘ದಿ ಪ್ರೈಸ್ ಆಫ್ ದೀಸ್ ಟೊಮ್ಯಾಟೋಸ್’ ಅಷ್ಟೂ ಸಬ್ಜೆಕ್ಟ್, ಅದರಲ್ಲಿ ಮುಖ್ಯ ಪದ ‘ಪ್ರೈಸ್’. ಅದು ಏಕವಚನ, ಆದ್ದರಿಂದ ‘ಈಸ್’.

ಅನುಮಾನ ಉಳಿದರೆ ಎರಡು ದಾರಿಗಳಿವೆ. ಇಡೀ ಸಬ್ಜೆಕ್ಟ್ ತೆಗೆದು ಅಲ್ಲಿ ‘ಹೀ’, ‘ಶೀ’, ‘ಇಟ್’, ‘ದೇ’ಗಳಲ್ಲಿ ಒಂದನ್ನು ಕೂರಿಸಿ: ‘ಇಟ್ ಈಸ್ ಹೈ’. ವಾಕ್ಯ ಸರಾಗವಾಗಿ ನಿಂತರೆ ನೀವು ಹಾಕಿದ ಗೆರೆ ಸರಿ. ಇಲ್ಲವೇ ವಾಕ್ಯವನ್ನು ಪ್ರಶ್ನೆ ಮಾಡಿ: ‘ಈಸ್ ದಿ ಪ್ರೈಸ್ ಆಫ್ ದೀಸ್ ಟೊಮ್ಯಾಟೋಸ್ ಹೈ?’ ‘ಈಸ್’ ಯಾವ ಭಾಗವನ್ನು ದಾಟಿ ಮುಂದೆ ಬಂತೋ ಅದೇ ಸಬ್ಜೆಕ್ಟ್. ನನಗೆ ಈ ಎರಡನೆಯದೇ ಹೆಚ್ಚು ನಂಬಿಕೆಯದು.

ಇನ್ನು ಮೊದಲಲ್ಲಿ ಬರುವ ಕಾಲ, ಸ್ಥಳಸೂಚಕ ಪದಗಳು. ‘ಯೆಸ್ಟರ್‌ಡೇ ಮೈ ಸಿಸ್ಟರ್ ಬಾಟ್ ಎ ಸ್ಯಾರಿ’ ಎಂಬಲ್ಲಿ ಸಬ್ಜೆಕ್ಟ್ ‘ಮೈ ಸಿಸ್ಟರ್’. ‘ಯೆಸ್ಟರ್‌ಡೇ’ ಮುಂದೆ ಬಂದಿದ್ದರೂ ಪ್ರೆಡಿಕೇಟ್‌ಗೆ ಸೇರಿದ್ದು.

ಕನ್ನಡದವರು ಎಡವುವ ಜಾಗಗಳು

‘ನಿನ್ನೆ ಊರಿಗೆ ಹೋಗಿದ್ದೆ’ ಎಂದರೆ ಹೋದದ್ದು ಯಾರೆಂದು ಕೇಳಬೇಕಿಲ್ಲ. ಹೋಗಿದ್ದೆ, ಹೋಗಿದ್ದ, ಹೋಗಿದ್ದಳು, ಹೋಗಿದ್ದರು: ಕ್ರಿಯಾಪದದ ಕೊನೆಯೇ ಎಲ್ಲ ಹೇಳುತ್ತದೆ. ಇಂಗ್ಲಿಷಿನ ‘ವೆಂಟ್’ ನನಗೂ ಅವಳಿಗೂ ಅವರಿಗೂ ಒಂದೇ. ಹಾಗಾಗಿ ಅಲ್ಲಿ ‘ಐ’ ಬಿಡುವಂತಿಲ್ಲ. ‘ಇಟ್ ಈಸ್ ರೇನಿಂಗ್’ ಎಂಬಲ್ಲಿನ ‘ಇಟ್’ ಬಂದದ್ದೂ ಇದೇ ಕಾರಣಕ್ಕೆ. ನಾವು ‘ಮಳೆ ಬರುತ್ತಿದೆ’ ಎನ್ನುವಾಗ ಮಳೆಯೇ ಸಬ್ಜೆಕ್ಟ್. ಇಂಗ್ಲಿಷಿನಲ್ಲಿ ಮಳೆ ವರ್ಬ್‌ನೊಳಗೇ ಸೇರಿಹೋಗಿದೆ, ಖಾಲಿಯಾದ ಜಾಗಕ್ಕೆ ‘ಇಟ್’ ಬಂದು ಕೂತಿದೆ.

ಇದಕ್ಕಿಂತ ತೊಡಕಿನದು ‘ನನಗೆ’ ಎಂದು ಶುರುವಾಗುವ ಮಾತುಗಳು. ‘ನನಗೆ ಜ್ವರ ಬಂದಿದೆ’ ಎನ್ನುವಾಗ ಬಂದದ್ದು ಜ್ವರ, ಕ್ರಿಯಾಪದ ಹೊಂದಿಕೊಳ್ಳುವುದೂ ಜ್ವರಕ್ಕೆ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಎ ಫೀವರ್’: ಸಬ್ಜೆಕ್ಟ್ ‘ಐ’, ಜ್ವರ ಪ್ರೆಡಿಕೇಟ್‌ನೊಳಗೆ. ಹಸಿವು, ಇಷ್ಟ, ಭಯ, ನೆನಪು ಎಲ್ಲಕ್ಕೂ ಸಾಮಾನ್ಯವಾಗಿ ಹೀಗೇ. ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ ಸಬ್ಜೆಕ್ಟ್ ಹುಡುಕಿದರೆ ಇಂಥ ವಾಕ್ಯಗಳಲ್ಲಿ ದಾರಿ ತಪ್ಪುವುದು ಖಂಡಿತ. ಇಂಗ್ಲಿಷ್ ವಾಕ್ಯಕ್ಕೆ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿ.

ಸಬ್ಜೆಕ್ಟ್ ಅಡಗಿದ್ದರೆ, ಹಿಂದೆ ಸರಿದಿದ್ದರೆ

‘ಓಪನ್ ದಿ ಡೋರ್’ ಎಂಬ ಅಪ್ಪಣೆಯಲ್ಲಿ ‘ಯೂ’ ಕಾಣದಿದ್ದರೂ ಸಬ್ಜೆಕ್ಟ್ ಅದೇ. ಇದು ನಮಗೆ ಹೊಸದಲ್ಲ, ‘ಬಾಗಿಲು ತೆಗಿ’ ಎನ್ನುವಾಗ ನಾವೂ ‘ನೀನು’ ಬಿಡುತ್ತೇವೆ. ಪ್ರಶ್ನೆಗಳನ್ನು ಹೇಳಿಕೆಯಾಗಿ ಮಾಡಿಕೊಂಡರೆ ಸಾಕು: ‘ಡಿಡ್ ಯುವರ್ ಬ್ರದರ್ ಕಾಲ್?’ ಎಂಬುದು ‘ಯುವರ್ ಬ್ರದರ್ ಡಿಡ್ ಕಾಲ್’ ಆದಾಗ ಸಬ್ಜೆಕ್ಟ್ ತಾನಾಗಿ ಮುಂದೆ ಬರುತ್ತದೆ. ‘ದೇರ್ ಆರ್ ಟೂ ಕ್ಯಾಟ್ಸ್ ಆನ್ ದಿ ರೂಫ್’ ಎಂಬಲ್ಲಿ ಮಾತ್ರ ಹುಷಾರು. ‘ದೇರ್’ ಅಲ್ಲಿ ಜಾಗ ತುಂಬಲು ನಿಂತ ಪದ. ಶಾಲೆಯ ವ್ಯಾಕರಣ ಸಬ್ಜೆಕ್ಟ್ ಎಂದು ಎಣಿಸುವುದು ‘ಟೂ ಕ್ಯಾಟ್ಸ್’ ಅನ್ನು, ‘ಆರ್’ ಬಂದಿರುವುದೂ ಅದರಿಂದಲೇ.

ಇಷ್ಟಾದ ಮೇಲೆ ಮಗುವಿನ ಮುಂದೆ ಈ ಎರಡು ವಾಕ್ಯ ಇಡಿ: ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಹಾಸನ್.’ ‘ದಿ ಕೀಸ್ ಟು ದಿ ಕಬರ್ಡ್ ಆರ್ ಅಂಡರ್ ದಿ ಪಿಲ್ಲೋ.’ ಗೆರೆ ಮೊದಲನೆಯದರಲ್ಲಿ ‘ಫ್ರೆಂಡ್ಸ್’ ಆದ ಮೇಲೆ, ಎರಡನೆಯದರಲ್ಲಿ ‘ಕಬರ್ಡ್’ ಆದ ಮೇಲೆ ಬೀಳಬೇಕು. ಒಂದರಲ್ಲಿ ‘ಲಿವ್ಸ್’, ಇನ್ನೊಂದರಲ್ಲಿ ‘ಆರ್’ ಏಕೆ ಬಂತೆಂದು ಮಗುವಿನ ಬಾಯಿಂದಲೇ ಹೇಳಿಸಿ.